ಹಾಜರಿ ಪುಸ್ತಕದ ಮೇಜು ಕೆಳಗಿಳಿದ ಬಗ್ಗೆ ಲಾವಣ್ಯ ಕೊಟ್ಟ ಹೇಳಿಕೆ

ಹೆಸರು ಲಾವಣ್ಯ, ತಂದೆ ಮುನಿಗಂಗಪ್ಪ, ವಯಸ್ಸು 23 ವರ್ಷ, ಓದು ಐದನೇ ತರಗತಿ, ಕಸುಬು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವುದು, ವಾಸ ಜಂಗಮಕೋಟೆ ಗ್ರಾಮ, ಹಾಲಿನ ಡೈರಿ ಹಿಂದಿನ ಸಾಲು, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ.

ಮೇಜಿನ ವಿಚಾರವಾಗಿ ತಾವು ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ತಂದೆ ತಾಯಿಯ ಜೊತೆ ವಾಸವಾಗಿದ್ದೇನೆ. ಮೂರನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಎರಡೂ ಕಾಲಿನ ಬಲ ಹೋಯಿತು. ದೂರಕ್ಕೆ ಮೂರು ಚಕ್ರದ ಸ್ಕೂಟರಿನಲ್ಲಿ, ಉಳಿದಂತೆ ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ನಾಲ್ಕು ವರ್ಷದಿಂದ ಶಿಡ್ಲಘಟ್ಟದ ಸುಸ್ವರ ವಾದ್ಯ ಕಾರ್ಮಿಕರ ಸಂಘದ ಸದಸ್ಯಳಾಗಿದ್ದೇನೆ. ಸಂಘದ ಕಚೇರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಇಪ್ಪತ್ತಾರು.

ಸಂಘದ ಏಳನೇ ನಿಯಮದಂತೆ ವಾರ್ಷಿಕ ಸಭೆಯ ದಿನ ಬೆಳಗ್ಗೆ 11 ಗಂಟೆಯೊಳಗೆ ಸಂಘದ ಮೇಜಿನ ಮುಂದೆ ಹಾಜರಿ ಪುಸ್ತಕಕ್ಕೆ ಖುದ್ದಾಗಿ ಸಹಿ ಹಾಕಿದವರ ಹೆಸರು ಮಾತ್ರ ಆ ವರ್ಷದ ಸರದಿ ಪಟ್ಟಿಗೆ ಸೇರುತ್ತದೆ. ಸಹಿಯ ಪಕ್ಕದಲ್ಲಿ ಕಾರ್ಯದರ್ಶಿಯವರು ಮೊಹರು ಒತ್ತಬೇಕು. ಮದುವೆ, ನಾಮಕರಣ ಯಾವುದೇ ಬಂದರೂ ಸರದಿಯಲ್ಲಿ ಇರುವವರಿಗೇ ಕೆಲಸ. ಸಹಿ ಇಲ್ಲದವರು ಬದಲಿ. ಯಾರಿಗಾದರೂ ಹುಷಾರಿಲ್ಲದಿದ್ದರೆ ಬದಲಿಯವರನ್ನು ಕರೆಯುತ್ತಾರೆ. ಹಿಂದೆ ಯಾರೋ ಪುಸ್ತಕವನ್ನು ಮನೆಗೆ ಒಯ್ದು ಕಳ್ಳ ಸಹಿ ಹಾಕಿದ್ದರಿಂದ ಅದನ್ನು ಸರಪಳಿಯಿಂದ ಮೇಜಿನ ಕಾಲಿಗೆ ಬಿಗಿದಿದ್ದಾರೆ. ಬೀಗದ ಕೀ ಎಲ್ಲಿದೆ ಎಂದು ಈಗ ಇರುವವರಲ್ಲಿ ಯಾರಿಗೂ ಗೊತ್ತಿಲ್ಲ.

ನಾನು ಮೂರು ವರ್ಷ ಬದಲಿಯಾಗಿದ್ದೆ. ಹೋದ ವರ್ಷದ ಸಭೆಯ ದಿನ ನಾಲ್ಕು ಜನ ನನ್ನನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿಸತೊಡಗಿದರು. ಹದಿಮೂರನೇ ಮೆಟ್ಟಿಲಲ್ಲಿ ಒಬ್ಬರ ಕೈ ಜಾರಿತು. ನನಗೆ ಏನೂ ಆಗಲಿಲ್ಲ. ಕೆಳಗೆ ಹಣ್ಣು ಕೊಳ್ಳುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು. ನಾನು ಇಳಿಸಿ ಎಂದು ಕೇಳಿ, ಸಹಿ ಹಾಕದೆ ಊರಿಗೆ ಹೋದೆ.

ದಿನಾಂಕ 18-02-2025, ಮಂಗಳವಾರ, ಮುಹೂರ್ತ ಇಲ್ಲದ ದಿನವಾದ್ದರಿಂದ ವಾರ್ಷಿಕ ಸಭೆ ಇಟ್ಟಿದ್ದರು. ನಾನು ಬೆಳಗ್ಗೆ 9-50ಕ್ಕೆ ಕಟ್ಟಡದ ಮುಂದೆ ತಲುಪಿದೆ. ಸಭೆಯ ದಿನ ವಾದ್ಯಗಳಿಗೆ ಪೂಜೆ ಇರುವುದರಿಂದ ಎಲ್ಲರೂ ವಾದ್ಯ ತಂದಿದ್ದರು. ಡೋಲು ಬಾರಿಸುವ ಕೋನಪ್ಪನವರು, ವಯಸ್ಸು 58, ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಅವರಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ. ಮೆಟ್ಟಿಲು ಹತ್ತಬಲ್ಲರು. ಆದರೆ ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆಯೇ ಹೊರತು ಯಾರೂ ಓದಿ ಹೇಳುವುದಿಲ್ಲವಾದ್ದರಿಂದ ಎರಡು ಸಲ ಅವರ ಸರದಿ ತಪ್ಪಿತ್ತು.

10-05ಕ್ಕೆ ಕಾರ್ಯದರ್ಶಿ ರಮೇಶ್‌ಬಾಬುರವರು ಮಹಡಿಯ ಕಟಕಟೆಯಿಂದ ಬಗ್ಗಿ, ಬಾರಮ್ಮ ಲಾವಣ್ಯ, ಹೋದ ವರ್ಷದ ತರ ಎತ್ಕೊಂಡ್ ಬರ್ತಾರೆ, ನೀನೇನ್ ಮಹಾ ಭಾರ ಇದೀಯಾ ಎಂದರು. ನಾನು ಬೇಡಣ್ಣ ಎಂದೆ. ನನ್ನ ದನಿ ಮೇಲಕ್ಕೆ ಕೇಳಿಸಲಿಲ್ಲ. ಕೋನಪ್ಪನವರು ಜೋರಾಗಿ, ಬೇಡ ಅಂತಾವ್ಳೆ ಕಣಯ್ಯ ಎಂದರು. ನಂತರ ಕೋನಪ್ಪನವರು, ರಮೇಶ, ಏಳನೇ ನಿಯಮದಾಗೆ ಮೇಜಿನ ಮುಂದೆ ಅಂತೈತೆ, ಆ ಮೇಜು ಮಾಳಿಗೆ ಮ್ಯಾಲೇ ಇರ್ಬೇಕು ಅಂತ ಎಲ್ಲೈತೆ, ವಸಿ ಓದಿ ಹೇಳು ಎಂದು ಕೇಳಿದರು. ರಮೇಶ್‌ಬಾಬುರವರು ನಿಯಮದ ಪುಸ್ತಕವನ್ನು ನಾಲ್ಕು ನಿಮಿಷ ಹುಡುಕಿ, ಬರೆದಿಲ್ಲ, ಆದ್ರೂ ಮೊದ್ಲಿಂದ ಇಲ್ಲೇ ಇರೋದಲ್ವಾ ಎಂದರು. ಆಗ ಟ್ರಂಪೆಟ್ ನುಡಿಸುವ ಗಂಗರಾಜು, ಮದ್ವೆಗಳಿಗೆ ಜನರೇಟರ್ ಹೊತ್ತೋರು ನಾವು, ಇದ್ಯಾವ ದೊಡ್ಡ ಮೇಜಪ್ಪ ಎಂದು ಹೇಳಿ ಐದು ಜನರನ್ನು ಕರೆದುಕೊಂಡು ಮೇಲಕ್ಕೆ ಹೋದರು. ಮೇಜು ತೆಗೆಯಲು ನಾನು ಯಾರಿಗೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಸದರಿ ಮೇಜು ಹಲಸಿನ ಮರದ್ದು, ಐದು ಅಡಿ ಉದ್ದ, ಮೂರು ಅಡಿ ಅಗಲ. ಆರು ಜನ ಹೊತ್ತು ಇಳಿಯುವಾಗ ಮುಂದಿನವರ ಹೆಜ್ಜೆಗೂ ಹಿಂದಿನವರ ಹೆಜ್ಜೆಗೂ ಕೂಡದೆ ಮೇಜು ಗೋಡೆಗೆ ಬಡಿಯಿತು. ಶಬ್ದ ಕೇಳಿದ ಕೋನಪ್ಪನವರು, ಹೆಜ್ಜೆಗೆ ತಾಳ ಬೇಕೇನ್ರೋ ಎಂದು, ಹೆಣ್ಣನ್ನು ಮಂಟಪಕ್ಕೆ ಕರೆತರುವಾಗ ಬಾರಿಸುವ ನಿಧಾನದ ನಡೆಯನ್ನು ಡೋಲಿನಲ್ಲಿ ಹಿಡಿದರು. ಮೇಜು ಸರಾಗವಾಗಿ ಇಳಿಯತೊಡಗಿತು. ಆ ನಡೆ ಕಿವಿಗೆ ಬಿದ್ದರೆ ವಾದ್ಯ ಕೈಯಲ್ಲಿರುವವರು ಸುಮ್ಮನಿರುವ ಪದ್ಧತಿ ನಮ್ಮಲ್ಲಿಲ್ಲ. ಕೆಳಗೆ ಇದ್ದ ಇಪ್ಪತ್ತಮೂರು ಜನರೂ ಸೇರಿಕೊಂಡರು. ನಾನೂ ಕ್ಲಾರಿನೆಟ್ ತೆಗೆದೆ.

10-31ಕ್ಕೆ ಮೇಜು ರಸ್ತೆಗೆ ಬಂತು. ಅಲ್ಲಿಯೇ ಇಳಿಸಬೇಕಾಗಿತ್ತು. ಆದರೆ ಹೆಣ್ಣು ಕರೆತರುವ ನಡೆ ಬಾರಿಸುತ್ತಿರುವಾಗ ಹೊತ್ತದ್ದನ್ನು ಇಳಿಸಬಾರದು. ಹೊತ್ತವರು ಇಳಿಸುವ ತನಕ ಬಾರಿಸುವುದನ್ನು ನಿಲ್ಲಿಸಬಾರದು. ನಾವು ಅವರು ಇಳಿಸಲಿ ಎಂದು ಕಾದೆವು. ಅವರು ನಾವು ನಿಲ್ಲಿಸಲಿ ಎಂದು ಕಾದರು. ಹೀಗೆ ಮೇಜು ಮುಂದೆ ಹೋಗುತ್ತಲೇ ಇತ್ತು. ನನ್ನ ಕುರ್ಚಿಯನ್ನು ತಾಳದವರೊಬ್ಬರು ತಳ್ಳಿದರು. ಕೋನಪ್ಪನವರು ನನ್ನ ಕುರ್ಚಿಗೆ ಭುಜ ತಾಗಿಸಿಕೊಂಡು ನಡೆದರು. ಹಾಲಿನ ಟೆಂಪೊ ಒಂದು, ಗೂಡು ತುಂಬಿದ ಆಟೊ ಮೂರು ನಿಂತವು. ಯಾರೂ ಹಾರ್ನ್ ಮಾಡಲಿಲ್ಲ, ಮದುವೆ ಎಂದುಕೊಂಡಿದ್ದರು. ಇದು ಅನುಮತಿ ಪಡೆದ ಮೆರವಣಿಗೆ ಅಲ್ಲ ಎಂಬುದು ನಿಜ. ಮೆರವಣಿಗೆ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ.

ರಮೇಶ್‌ಬಾಬುರವರು ಬಿಳಿ ಅಂಗಿ ಹಾಕಿಕೊಂಡು, ಬಲಗೈಯಲ್ಲಿ ಮೊಹರು, ಎಡಗೈಯಲ್ಲಿ ಮೊಬೈಲ್ ಹಿಡಿದು, ಇಳಿಸ್ರೋ ಇಳಿಸ್ರೋ ಎನ್ನುತ್ತಾ ಹಿಂದೆ ಬರುತ್ತಿದ್ದರು. ವಾದ್ಯದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಕಟ್ಟಡದಿಂದ ಸುಮಾರು 140 ಮೀಟರ್ ದೂರದಲ್ಲಿ ವೆಂಕಟರತ್ನಮ್ಮನವರ ಹೂವಿನ ಅಂಗಡಿ ಇದೆ. ಅವರು ಆರತಿ ತಟ್ಟೆ ಹಿಡಿದು ಅಡ್ಡ ಬಂದರು. ಆರತಿ ಬಂದರೆ ನಿಲ್ಲಲೇಬೇಕು. ಆದ್ದರಿಂದ 10-46ಕ್ಕೆ ಎಲ್ಲರೂ ನಿಂತು, ಮೇಜನ್ನು ಇಳಿಸಿದರು. ವೆಂಕಟರತ್ನಮ್ಮನವರು ಮೇಜಿಗೆ ಆರತಿ ಎತ್ತಿದ ಮೇಲೆ ಸುತ್ತ ನೋಡಿ, ಪೆಳ್ಳಿಕೊಡುಕು ಎಕ್ಕಡಪ್ಪಾ ಎಂದರು. ಅಂದರೆ ಮದುಮಗ ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದರು. ಗಂಗರಾಜು ರಮೇಶ್‌ಬಾಬುರವರನ್ನು ತೋರಿಸಿದರು. ವೆಂಕಟರತ್ನಮ್ಮನವರು ಈ ವಯಸ್ಸಲ್ಲಿ ಮದ್ವೇನಾ ಎಂದು ಹೇಳಿದರೂ ಅವರ ಹಣೆಗೆ ಕುಂಕುಮ ಇಟ್ಟು, ಒಂದು ಮೊಳ ಸೇವಂತಿಗೆ ಕೊರಳಿಗೆ ಹಾಕಿದರು. ರಮೇಶ್‌ಬಾಬುರವರು ಆಗ ಪೊಲೀಸ್ ಸಹಾಯವಾಣಿಗೆ ಫೋನ್ ಮಾಡಿ ಸಂಘದ ಮೇಜು ಮತ್ತು ಪುಸ್ತಕ ಕಳವಾಗಿದೆ ಎಂದು ಹೇಳುತ್ತಿದ್ದರು. ಆ ಕಡೆಯವರು ಮೇಜು ಈಗ ಎಲ್ಲಿದೆ ಎಂದು ಕೇಳಿರಬೇಕು. ರಮೇಶ್‌ಬಾಬುರವರು, ನನ್ನ ಮುಂದೇನೇ ಐತೆ ಸಾರ್ ಎಂದರು.

ಉಳಿದವರೆಲ್ಲ ಬೆಳಗ್ಗೆಯೇ ಮಹಡಿಯಲ್ಲಿ ಸಹಿ ಹಾಕಿ ಇಳಿದಿದ್ದರು. 10-52ಕ್ಕೆ ನಾನು ಕುರ್ಚಿಯನ್ನು ಮೇಜಿನ ಹತ್ತಿರ ತಂದೆ. ಮೇಜು ನನ್ನ ಎತ್ತರಕ್ಕೆ ಸರಿಯಾಗಿತ್ತು. ಈ ಮೊದಲು ನಾನು ಅದನ್ನು ನೋಡಿರಲಿಲ್ಲ. ಸಹಿ ಹಾಕಲು ಎರಡು ನಿಮಿಷ ಹಿಡಿಯಿತು, ಮೊದಲನೇ ಸಲ ಪೆನ್ನು ಮೂಡಲಿಲ್ಲ. ಮೊಹರು ಬೀಳದಿದ್ದರೆ ಸಹಿಗೆ ಬೆಲೆ ಇಲ್ಲವಾದ್ದರಿಂದ ಎಲ್ಲರೂ ರಮೇಶ್‌ಬಾಬುರವರನ್ನು ನೋಡಿದರು. ಕೋನಪ್ಪನವರು ಟೈಮ್ ಎಷ್ಟಾಯ್ತು ಎಂದು ಕೇಳಿದರು. ಯಾರೋ 10-57 ಎಂದರು. ರಮೇಶ್‌ಬಾಬುರವರು ನನ್ನ ಕಡೆ ನೋಡಿ, ಹೋದ ವರ್ಷ ಅರ್ಧ ಮೆಟ್ಟಿಲಿಂದ ವಾಪಸ್ ಹೋದಾಗ್ಲೇ ಯಾಕಮ್ಮ ಹೇಳ್ಲಿಲ್ಲ ಎಂದರು. ಹೇಳಿದ್ದೆ ಅಣ್ಣ, ಎರಡು ಅರ್ಜಿ ಕೊಟ್ಟಿದ್ದೆ ಎಂದೆ. ಈ ಸಲ ಎಲ್ಲರಿಗೂ ಕೇಳಿಸಿತು. ಅವರು ಕೊರಳಿನ ಹೂವನ್ನು ಪಕ್ಕಕ್ಕೆ ಸರಿಸಿ ಪುಸ್ತಕದ ಕಡೆ ಬಗ್ಗಿದರು. ನಂತರ 10-58ಕ್ಕೆ ಮೊಹರು ಒತ್ತಿದರು. ಶಾಯಿ ಚೆನ್ನಾಗಿ ಮೂಡಿದ್ದರೂ ಪಕ್ಕದಲ್ಲಿ ಇನ್ನೊಂದು ಸಲ ಒತ್ತಿದರು.

11-10ಕ್ಕೆ ಹೂವಿನ ಅಂಗಡಿಯ ಮುಂದೆಯೇ ಸಭೆ ನಡೆಯಿತು. ಹಾಜರಿದ್ದವರು 41. ವೆಂಕಟರತ್ನಮ್ಮನವರ ಅಂಗಡಿ ಪಕ್ಕದ ಖಾಲಿ ಕೋಣೆಗೆ ಕಚೇರಿ ಬರಬೇಕು, ಬಾಗಿಲಿಗೆ ಸಿಮೆಂಟಿನ ಇಳಿಜಾರು ಹಾಕಿಸಬೇಕು, ಸರದಿ ಪಟ್ಟಿಯನ್ನು ದಿನಾ ಬೆಳಗ್ಗೆ 8ಕ್ಕೆ ಗಟ್ಟಿಯಾಗಿ ಓದಬೇಕು ಎಂದು ಗೊತ್ತುವಳಿ ಮಾಡಿದರು. ಪರವಾಗಿ 37, ವಿರುದ್ಧ 4. ರಮೇಶ್‌ಬಾಬುರವರು ಯಾವ ಕಡೆಗೆ ಕೈ ಎತ್ತಿದರು ಎಂದು ನಾನು ನೋಡಲಿಲ್ಲ. ತಲೆ ಬಗ್ಗಿಸಿ ಕ್ಲಾರಿನೆಟ್ ಒರೆಸುತ್ತಿದ್ದೆ. ಅದು ಆಗಲೇ ಒಣಗಿತ್ತು.

ಮೇಜು, ಪುಸ್ತಕ, ಸರಪಳಿ ಯಾವುದೂ ಕಳವಾಗಿಲ್ಲ. ತಾವು ಈಗ ನನ್ನ ಈ ಹೇಳಿಕೆ ಬರೆದುಕೊಳ್ಳುತ್ತಿರುವುದು ಸದರಿ ಮೇಜಿನ ಮೇಲೆಯೇ. ಅದನ್ನು ಮತ್ತೆ ಮೇಲಕ್ಕೆ ಹೊರಲು ಸಂಘದಲ್ಲಿ ಯಾರೂ ಒಪ್ಪಿಲ್ಲ. ದೂರನ್ನು ವಾಪಸ್ ತೆಗೆದುಕೊಳ್ಳುವುದಾಗಿ ರಮೇಶ್‌ಬಾಬುರವರು ನಿನ್ನೆ ಸಂಜೆಯೇ ಹೇಳಿದ್ದಾರೆ. ರಸ್ತೆ ಹದಿನೈದು ನಿಮಿಷ ನಿಂತಿದ್ದಕ್ಕೆ ನಾನು ಕ್ಷಮೆ ಕೇಳುತ್ತೇನೆ.

ಇಂದು ಬೆಳಗ್ಗೆ 8ಕ್ಕೆ ರಮೇಶ್‌ಬಾಬುರವರು ಈ ಹೂವಿನ ಅಂಗಡಿಯ ಮುಂದೆ ನಿಂತು ಮೊದಲ ಸಲ ಪಟ್ಟಿ ಓದಿದರು. ಹದಿಮೂರನೇ ಹೆಸರು ಕೋನಪ್ಪ. ಹದಿನಾಲ್ಕನೇ ಹೆಸರು ಲಾವಣ್ಯ. ಹೆಸರಿನ ಮುಂದೆ ಬದಲಿ ಎಂದು ಓದಲಿಲ್ಲ. ಬಂದಿದ್ದೀನಿ ಎನ್ನಬೇಕಾಗಿತ್ತು, ನಾನು ಕೈ ಮಾತ್ರ ಎತ್ತಿದೆ. ಕೋನಪ್ಪನವರು, ಬಾಯಲ್ಲಿ ಹೇಳವ್ವ, ನಂಗೂ ಕೇಳ್ಲಿ ಎಂದರು. ಹೇಳಿದೆ.

ಮೇಲೆ ಹೇಳಿದ್ದೆಲ್ಲಾ ನಾನು ಕಂಡಂತೆ, ನಡೆದಂತೆ ಇದೆ. ಓದಿಸಿ ಕೇಳಿದ್ದೇನೆ, ಸರಿಯಾಗಿದೆ. ವಿಚಾರಣೆಗೆ ಯಾವ ದಿನ ಕರೆದರೂ ಬರುತ್ತೇನೆ. ಬರುವ ಭಾನುವಾರ, ದಿನಾಂಕ 23-02-2025 ಮಾತ್ರ ಬೆಳಗ್ಗೆ 5 ಗಂಟೆಯಿಂದ ದಿಬ್ಬೂರಹಳ್ಳಿಯಲ್ಲಿ ಮದುವೆ, ನನ್ನ ಸರದಿ ಇದೆ, ಆ ದಿನ ಬರಲಾಗುವುದಿಲ್ಲ.

ಸ್ಥಳ: ಶಿಡ್ಲಘಟ್ಟ
ದಿನಾಂಕ: 19-02-2025
ಸಮಯ: ಮಧ್ಯಾಹ್ನ 12-20

(ಸಹಿ) ಲಾವಣ್ಯ ಎಂ.
ಸದಸ್ಯೆ, ಸರದಿ ಸಂಖ್ಯೆ 14