ಚಿಂದಿರಾಣಿಯ ಪಾಸ್‌ವರ್ಡ್

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕದ ಹೆಂಗಸು ತಮ್ಮನಿಗೆ ಫೋನ್ ತೋರಿಸಿದರು.

“ನೋಡೋ, ನಾನು ಕೇಳದೇನೇ ಲಾಗಿನ್ ಕೋಡ್ ಬಂದಿದೆ. ಯಾರೋ ನನ್ನ ನ್ಯೂಸ್‌ಲೆಟರ್ ಖಾತೆಗೆ ನುಗ್ತಿದ್ದಾರೆ.”

“ಪಾಸ್‌ವರ್ಡ್ ಏನಕ್ಕಾ?”

“ಚಿಂದಿರಾಣಿ. ಅಪ್ಪ ಕರೀತಿದ್ದದ್ದು.”

“ಅಯ್ಯೋ ಮಾರಾಯ್ತಿ! ಅಪ್ಪನ ಹೊಲಿಗೆ ಮೆಷಿನ್ ಕೆಳಗೆ ಚಿಂದಿ ಆಯ್ತಿದ್ದೆ, ಅದಕ್ಕೇ ಆ ಹೆಸರು ಅಂತ ಹೋದ ವಾರದ ನ್ಯೂಸ್‌ಲೆಟರ್‌ನಲ್ಲಿ ನೀನೇ ಬರೆದು ಓದುಗರಿಗೆಲ್ಲ ಕಳಿಸಿದ್ಯಲ್ಲ!”

“ಓದಿದವರೆಲ್ಲ ಅತ್ರು ಕಣೋ.”

“ಒಬ್ಬ ಅಳದೆ ಟೈಪ್ ಮಾಡಿ ನೋಡಿದ್ದಾನೆ. ಒಳಗೆ ಹೊಕ್ಕರೆ ನಿನ್ನ ಹೆಸರಲ್ಲೇ ಅವರಿಗೆಲ್ಲ ಮೋಸದ ಲಿಂಕ್ ಕಳಿಸ್ತಾನೆ. ಈಗಲೇ ಬದಲಾಯಿಸು.”

“ಅಪ್ಪ ಹೋದಮೇಲೆ ಆ ಹೆಸರು ಉಳಿದಿರೋದು ಅಲ್ಲೊಂದೇ ಕಡೆ.”

ಆಕೆ ನಿಧಾನವಾಗಿ ಹೊಸದೇನೋ ಒತ್ತಿದರು.

ಒಳಗಿನಿಂದ ನರ್ಸ್ ಕರೆದಳು. ತಮ್ಮ ಎದ್ದು ಕೈ ಚಾಚಿದ.

“ಏಳು, ಚಿಂದಿರಾಣಿ.”