ಫ್ರೀಜರಿನ ಜೋಪಾನ

ತಂಗಿಯ ರಕ್ತಪರೀಕ್ಷೆಯ ವರದಿಯಲ್ಲಿ ‘ಕ್ಯಾನ್ಸರ್ ಕೋಶ ಕಂಡುಬಂದಿಲ್ಲ’ ಎಂದು ಓದಿದಾಗ ದರ್ಜಿಗೆ ಹೋದ ಜೀವ ಬಂದಂತಾಗಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕೆಳಗಿಳಿಯಲು ಲಿಫ್ಟಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಪ್ರಯೋಗಾಲಯದ ಮೇಡಂ ಮತ್ತು ಅವರ ನಡುವಯಸ್ಸಿನ ಸಹಾಯಕ, ಬಿಳಿ ಕೋಟಿನಲ್ಲೇ ನಿಂತಿದ್ದರು.

“ಈ ವಾರ ಎಷ್ಟು ಜನರ ರಕ್ತ ನೋಡಿದ್ರಿ?”

“ಹತ್ತೊಂಬತ್ತು ಮೇಡಂ. ಒಬ್ಬರಲ್ಲೂ ಕ್ಯಾನ್ಸರ್ ಕೋಶ ಇಲ್ಲ.”

“ಊರಿಗೆ ಊರೇ ಗುಣವಾಯ್ತಾ?”

“ನನಗೂ ಖುಷಿಯಾಯ್ತು.”

“ಆ ಕೋಶದ ಮೈಮೇಲಿರೋ ಗುರುತಿಗೆ ಅಂಟ್ಕೊಂಡು ಹೊಳೆಯೋದೇ ನಮ್ಮ ಆಂಟಿಬಾಡಿ ಕೆಲಸ. ಅದನ್ನ ಎಲ್ಲಿಟ್ಟಿದ್ರಿ?”

“ಫ್ರೀಜರಲ್ಲಿ. ದುಬಾರಿ ಸಾಮಾನು, ಜೋಪಾನವಾಗಿರ್ಲಿ ಅಂತ.”

“ಹೆಪ್ಪುಗಟ್ಟಿದ್ರೆ ಅದು ಸತ್ತ ಹಾಗೆ. ತಾಳೆ ನೋಡೋಕೆ ಅಂತ ಕಾಯಿಲೆ ಇರೋದು ಖಾತ್ರಿಯಾದವರ ರಕ್ತ ಇಟ್ಟಿತ್ತಲ್ಲ, ಅದಾದ್ರೂ ಹೊಳೀತಾ?”

“ಅದನ್ನ ಹಾಕಿ ನೋಡ್ಲಿಲ್ಲ ಮೇಡಂ. ಇದ್ದಿದ್ದೇ ಚೂರು, ಉಳಿಸೋಣ ಅಂತ.”

ಮೇಡಂ ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದರು.

“ಹತ್ತೊಂಬತ್ತು ಜನಕ್ಕೂ ಫೋನ್ ಮಾಡಿ.”

“ಏನಂತ ಹೇಳ್ಲಿ?”

“‘ಇಲ್ಲ’ ಅಂದಿದ್ದು ತಪ್ಪು, ನಮಗೆ ಗೊತ್ತಿಲ್ಲ ಅಂತ. ಮತ್ತೆ ರಕ್ತ ಕೊಡೋಕೆ ಬರಲಿ.”

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು. ಸಹಾಯಕ ಬಾಗಿಲಿಗೆ ಕೈ ಅಡ್ಡ ಹಿಡಿದು ಕೇಳಿದ, “ಇದು ಮೇಲೆ ಲ್ಯಾಬಿಗೆ ಹೋಗುತ್ತೆ. ನೀವು ಕೆಳಗೆ ಹೋಗೋರಲ್ವಾ?”

“ಹೋಗೋನಿದ್ದೆ,” ಎನ್ನುತ್ತ ದರ್ಜಿ ಒಳಗೆ ಬಂದು, ಮಡಿಸಿದ ಕಾಗದವನ್ನು ಜೇಬಿನಿಂದ ತೆಗೆದ. “ನೀವು ಹದಿನೆಂಟು ಜನಕ್ಕೆ ಫೋನ್ ಮಾಡಿದ್ರೆ ಸಾಕು.”