ನೆಲಮಾಳಿಗೆಯ ತೇವ

ಭಾನುವಾರ ಮಧ್ಯಾಹ್ನ ಕೆನಡಾದ ಕೇಪ್ ಬ್ರೆಟನ್ನಿನ ಒಂದು ಆಸ್ಪತ್ರೆಯಲ್ಲಿ ಮೊರಾಗ್ ಜ್ವರದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುತ್ತಿದ್ದಳು. ಎದುರಿಗೆ ಅಣ್ಣತಮ್ಮಂದಿರಿಬ್ಬರು ಕೂತಿದ್ದರು. ತಮ್ಮ ಲಾಕ್ಲನ್‌ನ ಮುಂಗೈ ಮುರಿದು ಬಾಗಿತ್ತು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

“ಬಿದ್ದೆ ಅಂತ ಹೇಳು,” ಎಂದ ಅಣ್ಣ ಮರ್ಡಾಕ್. “ಇನ್ನೊಂದು ಕೇಸಾದ್ರೆ ನಂಗೆ ಜೈಲೇ ಗತಿ.”

“ಒದ್ದೆ ಬಟ್ಟೆ ಒಣಗಿಸಿದ್ದಕ್ಕೆ ಯಾರಾದ್ರೂ ಹಾಕಿ ಆಡೋ ಸ್ಟಿಕ್ಕಲ್ಲಿ ಹೊಡೀತಾರೇನಣ್ಣ?”

“ಜೆರ್ಸಿ, ಪ್ಯಾಡು, ಗ್ಲೌಸು, ಆಟದ್ದೆಲ್ಲಾ ನೇತುಹಾಕಿದ್ಯಲ್ಲೋ. ಅದೂ ನೆಲಮಾಳಿಗೇಲಿ, ಕೊಯ್ದ ಗಾಂಜಾ ಒಣಗೋ ಕೋಣೇಲಿ.”

“ಅಲ್ಲಿ ಫ್ಯಾನಿತ್ತು.”

“ತೇವಾಂಶ ಅರವತ್ತು ದಾಟಬಾರದು ಅಂತ ಬಾಗಿಲ ಮೇಲೇ ಬರೆದಿದ್ದೆ. ಮೀಟರಿನ ಮುಳ್ಳು ಎಂಬತ್ತೈದಕ್ಕೆ ಹೋಗಿತ್ತು. ಮೊಗ್ಗು ಬಿಡಿಸಿದ್ರೆ ಒಳಗೆಲ್ಲ ಬೂಷ್ಟು. ಇಲ್ಲಿ ಕಾನೂನು ಮನೇಲಿ ಬೆಳೆಯೋಕೆ ಬಿಡೋದೇ ನಾಲ್ಕು ಗಿಡ. ನಾಲ್ಕೂ ಹೋಯ್ತು.”

“ಮತ್ತೆ ಬೆಳೀಬಹುದು.”

“ನಾಲ್ಕು ತಿಂಗಳು ಕೂಸಿನ ಥರ ನೋಡ್ಕೊಂಡಿದ್ದೆ ಕಣೋ.”

ಲಾಕ್ಲನ್ ಸರಿಯಿದ್ದ ಕೈಯಿಂದ ಹುಬ್ಬಿನ ರಕ್ತ ಒರೆಸಿಕೊಂಡ.

“ಆಯ್ತು. ಮೆಟ್ಟಿಲಿಂದ ಬಿದ್ದೆ ಅಂತೀನಿ.”

“ಜಾಣ. ಮುಂದಿನ ಸಲ ಅಲ್ಲಿ ಒಂದು ಒದ್ದೆ ಕಾಲುಚೀಲ ಕಂಡ್ರೂ ಇನ್ನೊಂದು ಕೈ ಮುರೀತೀನಿ,” ಎಂದು ಮರ್ಡಾಕ್ ನಗುತ್ತಲೇ ತಮ್ಮನ ಬೆನ್ನು ತಟ್ಟಿದ.

ಮೊರಾಗ್ ಮಗಳ ಕಿವಿಯ ಮೇಲೆ ಅಂಗೈ ಇಟ್ಟಳು.

ಅಷ್ಟರಲ್ಲಿ ನರ್ಸ್ ಬಂದು, ಇದು ಹೇಗಾಯಿತೆಂದು ಲಾಕ್ಲನ್‌ನನ್ನು ಕೇಳಿದಳು.

ಅವನು ಮುರಿದ ಕೈಯನ್ನು ಎದೆಗೊತ್ತಿಕೊಂಡು ಎದ್ದ.

“ಇವನೇ ಹೊಡೆದದ್ದು,” ಎಂದ. “ಪೊಲೀಸರಿಗೆ ಫೋನ್ ಮಾಡಿ, ಸಿಸ್ಟರ್. ಇವನು ನನ್ನ ಜೊತೆ ಒಳಗೆ ಬರೋದು ಬೇಡ.”

ಅಣ್ಣನ ಕಡೆ ತಿರುಗಿಯೂ ನೋಡದೆ ನರ್ಸಿನ ಹಿಂದೆ ನಡೆದ.